ನಿಂತಲ್ಲಿ ನಡುಗುವ ಕಾರು

೧ ನವೆಂಬರ್ ೧೯೮೨, ಸೋಮವಾರ

ಹೆಂಚಿನ ಕಾರ್ಖಾನೆಯವರು ಪ್ರತಿ ವರ್ಷ ಕೊಡುವ ಡೈರಿ ಇದು. ಈ ಸಲ ಒಂದಕ್ಷರವೂ ಬೀಳದೆ ಖಾಲಿ ಬಿದ್ದಿತ್ತು. ಇವತ್ತಿನಿಂದ ನಾನು ಬರೆಯುತ್ತೇನೆ. ಬಾಯಿ ಕಟ್ಟಿಕೊಂಡ ಮೇಲೆ ಕೈಗಾದರೂ ಕೆಲಸ ಬೇಕಲ್ಲ.

ನಿನ್ನೆ ಖಾನಾಪುರದಲ್ಲಿ ಬಸುರಿ ಮಗಳು ಗೌರವ್ವನ ಕುಬಸದ ಕಾರ್ಯ ಆಯಿತು. ಏಳು ತಿಂಗಳು ತುಂಬಿತು. ಹಸಿರು ಬಳೆ ಇಡಿಸಿ, ಉಡಿ ತುಂಬಿ, ಗುಡಿಗೆ ಕರೆದೊಯ್ಯಬೇಕೆಂದು ನಮ್ಮ ಕಾರಿನಲ್ಲಿ ಕೂರಿಸಿದೆವು. ಇವರು ಎಂಜಿನ್ ಚಾಲು ಮಾಡಿ, ಉಳಿದ ಹೆಂಗಸರು ಹತ್ತಲಿ ಎಂದು ಕಾಯುತ್ತಿದ್ದರು. ನಿಂತ ಕಾರು ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು. ಗೌರವ್ವನ ಎರಡೂ ಕೈಯ ಬಳೆ ಗಲಗಲ ಗಲಗಲ. ಕಾರು ಒಮ್ಮೆ ಕೆಮ್ಮಿ ಆರಿಹೋಯಿತು. ಮತ್ತೆ ಚಾಲು ಆಗಲಿಲ್ಲ. ಉಣ್ಣಲು ಬಂದ ಬೀಗರು ಧೋತರ ಎತ್ತಿ ಕಟ್ಟಿ ನೂಕಿದ ಮೇಲೆಯೇ ಹೊರಟಿತು.

ಬೀಗತಿ ಕಾಶವ್ವ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಹೋದ ವರ್ಷ ಗೌರವ್ವನ ಮೊದಲ ಬಸಿರು ನಿಲ್ಲಲಿಲ್ಲ. ಬಸ್ಸಿನ ಕುಲುಕಾಟಕ್ಕೇ ಹೋಯಿತೆಂದು ಕಾಶವ್ವನ ಮನಸ್ಸಿನಲ್ಲಿ ಕೂತಿದೆ. ಹೊರಡುವಾಗ ನನ್ನನ್ನು ಬಾಜೂಕೆ ಕರೆದಳು.

"ಬೀಗತೇರ, ಸಿಟ್ಟಾಗಬ್ಯಾಡ್ರಿ. ಇಂಥಾದರಾಗ ನಾ ಸೊಸಿನ ಕಳಸಂಗಿಲ್ಲ. ಬಸ್ ಅಂತೂ ಬ್ಯಾಡ. ಎಂಟನೇದರಾಗ ಹೊಸ್ತಲಾ ದಾಟಸೂದೂ ಇಲ್ಲ. ಒಂಬತ್ತರಾಗ ಬೀಳತಾಳಲ್ಲ, ಅವತ್ತ ಸೋಮಾರ, ಇಪ್ಪತ್ತೊಂಬತ್ತನೇ ತಾರೀಕ. ಕಾರು ನೆಟ್ಟಗ ಆಗಿ ಬಂದ್ರ ಕರಕೊಂಡ ಹೋಗ್ರಿ. ಇಲ್ಲಾಂದ್ರ ಬಾಣಂತಾನ ಇಲ್ಲೇ."

ನಾನು ತಪ್ಪು ಎನ್ನಲಾರೆ. ಆದರೆ ಒಳಗಿನ ಖೋಲಿಯಲ್ಲಿ ಗೌರವ್ವ ನನ್ನ ಸೆರಗು ಹಿಡಿದು ಅಂದದ್ದು ಕಿವಿಯಿಂದ ಹೋಗುತ್ತಿಲ್ಲ. "ಅವ್ವಾ, ಹ್ವಾದ ಸಲ ಇದ ಖೋಲಿ, ಇದ ಹೊರಸು. ನಂಗ ಇಲ್ಲಿ ಹಡಿಯಾಕ ಅಂಜಿಕಿ ಬರತೈತಿ. ನೀ ಕರಕೊಂಡ ಹೋಗ."

ಬೇರೆ ಕಾರು ಮಾಡಿಕೊಂಡು ಬರೋಣ ಎಂದರೆ ಇವರು ಕೇಳಲಿಲ್ಲ. "ಜಲ್ಮಪೂರ್ತಿ ಮಂದೀನ್ನ ಕರಕೊಂಡು ತಿರಗೀನಿ. ನನ್ನ ಮಗಳನ್ನ ಮತ್ತೊಬ್ಬನ ಗಾಡ್ಯಾಗ ತರಂಗಿಲ್ಲ." ಕಾರ್ಖಾನೆಯ ಮಾಲೀಕರ ಕಾರು ನಡೆಸಿ ನಡೆಸಿ ಮುದುಕರಾದವರು, ಕೆಲಸ ಬಿಡುವಾಗ ಮಾಲೀಕರು ಆ ಹಳೆಯ ಅಂಬಾಸಡರನ್ನೇ ಕೊಟ್ಟು ಕಳಿಸಿದರು. ಅಂದಿನಿಂದ ನನಗೆ ಮನೆಯಲ್ಲೊಬ್ಬಳು ಸವತಿ.

ಮರಳಿ ಬರುವಾಗ ಹಿಂದಿನ ಸೀಟಿನಲ್ಲಿ ಕೂತು ಚಿಂಚಲಿ ಮಾಯಕ್ಕನಿಗೆ ಬೇಡಿಕೊಂಡೆ. ಹಿಂದಿನ ಸೀಟೇ ನನ್ನ ಜಾಗ, ಮುಂದೆ ನಾನೆಂದೂ ಕೂತವಳಲ್ಲ. ತಾಯೀ, ಮಗಳು ನನ್ನ ಮನೆಯ ಹೊಸ್ತಿಲು ತುಳಿಯುವವರೆಗೆ ದಿನಾ ಎದ್ದಾಗಿನಿಂದ ಮಧ್ಯಾಹ್ನದವರೆಗೆ ಮೌನ ಇರುತ್ತೇನೆ. ನನಗೆ ಮಾತು ಬಿಡುವುದೆಂದರೆ ಅನ್ನ ಬಿಟ್ಟ ಹಾಗೆ. ಅದು ತಾಯಿಗೂ ಗೊತ್ತು.

೪ ನವೆಂಬರ್, ಗುರುವಾರ

ನಾನು ಮೌನ ಹಿಡಿದದ್ದು ಇವರ ಗಮನಕ್ಕೇ ಬಂದಿಲ್ಲ.

ಪಕ್ಕದ ಮನೆಯ ಬಿಲ್ಕೀಸಳಿಗೆ ಮೊದಲ ದಿನವೇ ತಿಳಿಯಿತು. ಗೋಡೆಯ ಮೇಲಿಂದ ಇಣುಕಿ, "ಯಾಕ ಅಕ್ಕಾರ, ಮನ್ಯಾಗ ಜಗಳೇನು" ಎಂದಳು. ನಾನು ಬೆರಳು ತುಟಿಗೆ ಇಟ್ಟು ದೇವರ ಕಡೆ ಕೈ ಮಾಡಿದೆ. ತಿಳಿದುಕೊಂಡಳು. ಇವರು ಮಾತ್ರ ರೊಟ್ಟಿ ತಿಂದರು, "ಚಟ್ನಿ ಖಾರ ಆಗೇತಿ" ಎಂದರು, ಎದ್ದು ಹೋದರು. ಇಷ್ಟು ವರ್ಷ ಬಾಳುವೆ ಮಾಡಿದ ಹೆಂಡತಿ ಅರ್ಧ ದಿನ ತುಟಿ ಬಿಚ್ಚದಿದ್ದರೆ ಯಾಕೆ ಎಂದು ಕೇಳಬಾರದೇ. ಈಚೆಗೆ ನಾನು ಹೇಳಿದ್ದನ್ನೇ ಕಿವಿಗೆ ಹಾಕಿಕೊಳ್ಳುವುದಿಲ್ಲ, ಹೇಳದ್ದನ್ನು ಏನು ಹಾಕಿಕೊಂಡಾರು.

ಎಲ್ಲ ಲಕ್ಷ್ಯ ಕಾರಿನ ಮೇಲೆ. ಬಾನೆಟ್ ತೆರೆದು ಪ್ಲಗ್ಗು ನಾಲ್ಕೂ ಬಿಚ್ಚಿ ಪಾಲಿಶ್ ಕಾಗದದಿಂದ ತಿಕ್ಕಿದರು. ಎಂಜಿನ್ನಿನ ಮೇಲೆ ಕರಿ ಬೋಗುಣಿಯಂಥ ಗಾಳಿ ಡಬ್ಬಿ ಇರುತ್ತದೆ. ಸ್ಕ್ರೂ ತಿರುಗಿಸಲು ಅಡ್ಡ ಬರುತ್ತದೆಂದು ಅದನ್ನೂ ತೆಗೆದು ಕಟ್ಟೆಯ ಮೇಲಿಟ್ಟಿದ್ದಾರೆ. ಚಾಲು ಮಾಡಿದರೆ ಅದೇ ನಡುಕ. ಓಡಿಸಿದರೆ ಸರಿ ಓಡುತ್ತದೆ, ನಿಂತರೆ ನಡುಗುತ್ತದೆ. ನನಗೆ ಕೇಳಿಸುವುದು ಹೀಗೆ: ನಾಲ್ಕು ಮಂದಿ ಸುತ್ತ ನಿಂತು ಒನಕೆ ಕುಟ್ಟುವಾಗ ಪಾಳಿ ತಪ್ಪಿದರೆ ಹೇಗೆ ಕೇಳುತ್ತದೋ ಹಾಗೆ. ಧಪ್ ಧಪ್ ಧಪ್, ಆಮೇಲೆ ಒಂದು ಪೊಳ್ಳು.

ಇವರು ಕೈ ತೊಳೆಯಲು ಒಳಗೆ ಹೋದಾಗ ನಾನು ದೇವರ ಮುಂದಿನ ಭಂಡಾರ ತಂದೆ. ತಾಯಿಯ ಅರಿಸಿನದ ಪುಡಿ, ನಮ್ಮಲ್ಲಿ ಕುರಿಗೆ ಬೇನೆ ಬಂದರೂ ಕೂಸಿಗೆ ದೃಷ್ಟಿ ಆದರೂ ಅದೇ ಔಷಧ. ಗಾಳಿ ಡಬ್ಬಿ ತೆಗೆದ ಜಾಗದಲ್ಲಿ ಎಂಜಿನ್ನಿಗೊಂದು ಬಾಯಿ ಇದೆ. ಉಳಿದದ್ದೆಲ್ಲ ಎಣ್ಣೆ ಜಿಡ್ಡು, ಅದೊಂದೇ ಸ್ವಚ್ಛ. ಅಲ್ಲಿಗೇ ಒಂದು ಚಿಟಿಕೆ ತೂರಿದೆ. ಎಂಜಿನ್ ನಡೆಯುತ್ತಿತ್ತು. ತಾಯಿಯೇ ಬಾಯಿ ತೆರೆದು ತೆಗೆದುಕೊಂಡ ಹಾಗೆ ಒಳಗೆ ಎಳೆದುಕೊಂಡಿತು. ಇನ್ನು ಮೇಲೆ ದಿನಾ ಹಾಕುತ್ತೇನೆ.

೮ ನವೆಂಬರ್, ಸೋಮವಾರ

ಹಾಕುತ್ತಿದ್ದೇನೆ. ಗುಣವಿಲ್ಲ.

ಇವರು ಸ್ಕ್ರೂ ತಿರುಗಿಸುತ್ತಾರೆ, ತಲೆ ವಾರೆ ಮಾಡಿ ಕೇಳುತ್ತಾರೆ, "ಈಗ ಬರೋಬರಿ ಆತು" ಎನ್ನುತ್ತಾರೆ. ಆಗಿರುವುದಿಲ್ಲ. ಒನಕೆ ಅಲ್ಲೇ ತಪ್ಪುತ್ತಿರುತ್ತದೆ. ಮಧ್ಯಾಹ್ನ ಮಾತು ಬಂದ ಮೇಲೆ ತಡೆಯಲಾಗದೆ ಅಂದೆ: "ಗ್ಯಾರೇಜಿಗೆ ಒಯ್ಯರಿ. ನಾಕ ಮಂದಿ ಮಿಸ್ತ್ರಿಗೋಳು ಅದಾರ."

ಸುಮ್ಮನೆ ಕೂತರು. ಮತ್ತೆ ಎದುರಿಗೆ ಹೋಗಿ ನಿಂತು ಅಂದೆ. ಆಗ ಮುಖ ನೋಡಿ ಉತ್ತರ ಕೊಟ್ಟರು.

"ನನಗ ಮಿಸ್ತ್ರಿ ಬೇಕ? ಮಂದಿ ಪಾನಾ ಹಿಡದು ಗಾಡಿ ರಿಪೇರಿ ಮಾಡತಾರ, ನಾ ಕಿವಿ ಹಿಡದು ಮಾಡತಿದ್ದೆ. ಕಣ್ಣ ಮುಚ್ಚಿ ಯಾವ ಗಾಡಿ, ಏನ ಬ್ಯಾನಿ ಅಂತ ಹೇಳತಿದ್ದೆ. ಮಾಲೀಕರಿಗೆ ಗೊತ್ತಿತ್ತ. ನಿನಗೇನ ಗೊತ್ತ."

"ನಂಗೇನ ಗೊತ್ತ. ಬಳಿ ಗಲಗಲ ಅಂದದ್ದ ಗೊತ್ತ."

ಇವರು ಮತ್ತೆ ಬಾನೆಟ್ಟಿಗೆ ಬಗ್ಗಿದರು. ಬಿಲ್ಕೀಸಳ ಗಂಡ ಸರದಾರಸಾಬನ ಮಗ್ಗದ ಶೆಡ್ಡು ನಮ್ಮ ಗೋಡೆಗೇ ಹತ್ತಿದೆ. ಬೆಳಗಾದರೆ ಖಟಾಖಟ್ ಖಟಾಖಟ್. ಈ ಶಹಾಪುರದ ಮಗ್ಗದ ಸಪ್ಪಳದಲ್ಲಿ ದೇವರಿಗೂ ನನ್ನ ಮಾತು ಮುಟ್ಟುತ್ತದೋ ಇಲ್ಲವೋ.

೧೦ ನವೆಂಬರ್, ಬುಧವಾರ

ರಾತ್ರಿ ನಿದ್ದೆ ಇಲ್ಲ. ಜಪಕ್ಕೆ ಕೂತರೆ ಮಣಿ ಎಲ್ಲಿಗೆ ಬಂತೆಂದು ಮರೆಯುತ್ತೇನೆ.

೧೨ ನವೆಂಬರ್, ಶುಕ್ರವಾರ

ಇವತ್ತಿನದನ್ನು ಹೇಗೆ ಬರೆಯಬೇಕೋ.

ಬೆಳಿಗ್ಗೆ ಚಹ ತೆಗೆದುಕೊಂಡು ಅಂಗಳಕ್ಕೆ ಹೋದೆ. ಇವರು ಬಾನೆಟ್ಟಿನೊಳಗೆ ಬಗ್ಗಿ ಸ್ಕ್ರೂ ತಿರುಗಿಸುತ್ತಿದ್ದರು. ಎಂಜಿನ್ ಕುಂಟುತ್ತ ನಡೆಯುತ್ತಿತ್ತು. ಅಷ್ಟರಲ್ಲಿ ಲೈಟು ಹೋಯಿತು. ಶೆಡ್ಡಿನ ಮಗ್ಗಗಳು ಒಂದೊಂದಾಗಿ ನಿಂತವು. ಓಣಿಗೆ ಓಣಿಯೇ ಸುಮ್ಮನಾಯಿತು. ಅದೇ ಗಳಿಗೆಗೆ ಎಂಜಿನ್ನೂ ಎರಡು ಸಲ ಬಿಕ್ಕಿ ಆರಿತು. ದೂರದಲ್ಲಿ ಯಾರದೋ ಮನೆಯಲ್ಲಿ ಕೂಸು ಅಳುವುದು ಕೇಳುತ್ತಿತ್ತು, ಅಷ್ಟು ಸುಮ್ಮನೆ.

ಇವರು ಕಾರಿನ ಮೇಲೆ ಅಂಗೈ ಇಟ್ಟರು. ತಲೆ ವಾರೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. ಎಷ್ಟು ದಿನವಾಗಿತ್ತು ಆ ನಗು ನೋಡಿ.

"ನೋಡ, ಹೆಂಗ ರೇಶಿಮಿ ಆತು. ಅಂದಿದ್ದೆನಿಲ್ಲೊ."

ನಡುಕ ನಿಂತಿತ್ತು, ಹೌದು. ಎಂಜಿನ್ನೇ ನಿಂತಿತ್ತು.

ನನಗೆ ಮಾತಿರಲಿಲ್ಲ, ಮೌನದ ಹೊತ್ತು. ಇವರು ತಿರುಗಿ ಎಂಜಿನ್ನಿನ ಮುಂದಿನ ಪಂಖ ನೋಡಿದರು. ಪಂಖ ತಿರುಗುತ್ತಿರಲಿಲ್ಲ. ಅದರ ಮೇಲೆ ನೊಣ ಕೂತಿತ್ತು. ಬಹಳ ಹೊತ್ತು ಹಾಗೇ ಬಗ್ಗಿ ನಿಂತರು. ಹಿಂದಿನಿಂದ ಕುತ್ತಿಗೆಯಷ್ಟೇ ನನಗೆ ಕಾಣುತ್ತಿತ್ತು.

"ಲೈಟ್ ಹೋತೇನ" ಎಂದರು, ನನ್ನ ಕಡೆ ನೋಡದೆ.

ನಾನು ಚಹದ ಕಪ್ಪು ಮಡ್‌ಗಾರ್ಡಿನ ಮೇಲಿಟ್ಟು, ಏನೂ ನೋಡದವಳ ಹಾಗೆ ಒಳಗೆ ಬಂದೆ.

ಚಟ್ನಿ, ಮೌನ, ಗೋಡೆಗೆ ಆಡಿದ ಹಾಗೆ ಆಡಿದ ಮಾತು. ನಾನು ಇವರಿಗೆ ಸೊಕ್ಕು ಎಂದುಕೊಂಡಿದ್ದೆ.

೧೩ ನವೆಂಬರ್, ಶನಿವಾರ

ಮಧ್ಯಾಹ್ನ ಬಿಲ್ಕೀಸ ಹಿಟ್ಟು ಜರಡಿ ಕೇಳಲು ಬಂದಳು. ಕೂತವಳು ಏಳಲಿಲ್ಲ.

"ಅಕ್ಕಾರ, ಒಂದ ಮಾತ ಕೇಳತೀನಿ. ನಿಮ್ಮ ಮನಿಯವ್ರು, ಸಿದರಾಯಣ್ಣಾರ, ಈಗೀಗ ನಮ್ಮಂಗ ತುಟಿ ನೋಡತಾರ."

"ನಿಮ್ಮಂಗ ಅಂದ್ರ?"

"ಶೆಡ್ಡಿನಾಗ ದುಡದವ್ರೆಲ್ಲಾ ಹಂಗ. ನಮ್ಮ ಅಬ್ಬಾಗ ಮಗ್ಗದಾಗ ಕಿವಿ ಹ್ವಾದವು. ನಂಗೂ ಈ ಕಿವಿ ಅರ್ಧಾನ. ಅದಕ್ಕ ನಾವು ತುಟಿ ನೋಡತೀವಿ, ಕೈಲೆ ಮಾತಾಡತೀವಿ." ಅಂಗೈ ಚಪ್ಪಟೆ ಹಿಡಿದಳು. "ಇದು, ಮಗ್ಗ ಚಂದ ನಡದೈತಿ." ಬೆರಳು ನಡುಗಿಸಿದಳು. "ಇದು, ಎಳಿ ಎಲ್ಲೋ ತಪ್ಪೇತಿ." ಮುಷ್ಟಿ ಹಿಡಿದಳು. "ಇದು, ನಿಂದರಸು." ಹೆಬ್ಬೆರಳಿಂದ ಸೊಂಟದ ಕಡೆ ಏನೋ ತೋರಿಸಿದಳು.

"ಅದೇನ?"

"ಅದ ಮಾಲಕ ಬಂದ ಅಂತ. ನಮ್ಮ ಯಜಮಾನ್ರಿಗೆ ಅದೊಂದ ಇನ್ನೂ ಗೊತ್ತಿಲ್ಲ."

ಇಬ್ಬರೂ ನಕ್ಕೆವು. ಆಮೇಲೆ ನನಗೆ ಕಣ್ಣೀರು ಬಂತು. ಬಿಲ್ಕೀಸ ಏನೂ ಕೇಳಲಿಲ್ಲ, ಜರಡಿ ಮರೆತು ಹೋದಳು.

೧೫ ನವೆಂಬರ್, ಸೋಮವಾರ

ದೀಪಾವಳಿ ಅಮಾವಾಸ್ಯೆ. ಪೂಜೆ ಆಯಿತು. ಎಂಜಿನ್ನಿಗೂ ಭಂಡಾರ ಹಾಕಿದೆ, ಈ ಹೊತ್ತು ಎರಡು ಚಿಟಿಕೆ. ಇವರು ಕಾರು ಮುಟ್ಟಲಿಲ್ಲ. ಕಟ್ಟೆಯ ಮೇಲೆ ಕೂತು ರಸ್ತೆ ನೋಡಿದರು.

೧೭ ನವೆಂಬರ್, ಬುಧವಾರ

ನಿನ್ನೆ ಊಟ ಆದ ಮೇಲೆ ಎದುರಿಗೆ ಕೂತು ನಿಧಾನಕ್ಕೆ ಅಂದೆ: "ಮುಂಜಾನೆ ನಂಗ ಮಾತಿಲ್ಲ. ಹರಕಿ ಐತಿ."

"ಹರಕಿ? ಯಾವಾಗಿಂದ?"

"ಕುಬಸ ಆದಾಗಿಂದ."

ಮುಖ ಸಣ್ಣದಾಯಿತು. ನಾನು ಮಾತು ಮುಂದೆ ಒಯ್ದೆ. "ನೀವು ಬಾನೆಟ್ಟಿನಾಗ ತಲಿ ಹಾಕಿದ್ರ ಹೊರಗ ಹೆಂಗ ಕೇಳತೈತಿ ನಿಮಗ ತಿಳಿಯಂಗಿಲ್ಲ. ನಾ ಬಾಜೂ ನಿಂತು ಕೇಳತೀನಿ. ಬಾಯಿಲೆ ಹೇಳಾಕ ಬರಂಗಿಲ್ಲಲ್ಲ, ಕೈ ಮಾಡಿ ತೋರಸತೀನಿ. ನೀವು ನೋಡ್ರಿ."

ನನ್ನನ್ನೇ ನೋಡುತ್ತ ಕೂತರು. ಆಮೇಲೆ ಅಂದರು, "ಹರಕಿ ಐತಿ ಅಂದ ಮ್ಯಾಲ ಕೈಲೇ ಹೇಳಬೇಕಲ್ಲ. ಇನ್ನೇನ ಮಾಡಾಕ ಬರತೈತಿ."

ಇವತ್ತು ಬೆಳಿಗ್ಗೆ ನಿಂತೆ. ಇವರು ಒಣ ಅರಿವೆ ಹಿಡಿದು ಒಂದೊಂದೇ ಪ್ಲಗ್ಗಿನ ತಂತಿ ಎಳೆಯುವುದು, ನಾನು ಸಪ್ಪಳ ಕೇಳುವುದು. ಮೊದಲನೆಯದು ಎಳೆದರು: ಕುಂಟು ಹೆಚ್ಚಾಯಿತು, ಬೆರಳು ನಡುಗಿಸಿದೆ. ಮತ್ತೆ ಹಾಕಿದರು. ಎರಡನೆಯದು, ಮೂರು, ನಾಲ್ಕು, ಎಲ್ಲಕ್ಕೂ ಹಾಗೇ. ಇವರು ತಲೆ ಆಡಿಸಿದರು. "ಹಂಗಾರ ನಾಕೂ ದುಡಿಯಾಕತ್ತಾವ. ಯಾವದರ ಒಂದ ಮೈಗಳ್ಳ ಇದ್ರ ಎಳದಾಗ ಸಪ್ಪಳ ಬದಲ ಆಗತಿರಲಿಲ್ಲ. ಬ್ಯಾನಿ ನಾಕಕ್ಕೂ ಕೂಡೇ ಐತಿ. ಗಾಳಿ ಎಲ್ಯೋ ಕದ್ದು ಒಳಗ ಹೊಂಟೈತಿ."

ಕೇಳದಿದ್ದರೂ ತಿಳಿಯುತ್ತದೆ ಇವರಿಗೆ. ನನಗೆ ಕೇಳುತ್ತದೆ, ತಿಳಿಯುವುದಿಲ್ಲ.

ನೀರಿನ ರಬ್ಬರ್ ನಳಿಕೆಯ ತುಂಡೊಂದು ಕೊಟ್ಟು ಒಂದು ತುದಿ ಕಿವಿಗೆ ಹಿಡಿದುಕೋ ಎಂದರು. ಇನ್ನೊಂದು ತುದಿಯನ್ನು ಎಂಜಿನ್ನಿನ ಸುತ್ತ ಆಡಿಸಿದರು. ಡಾಕ್ಟರರು ಎದೆ ನೋಡಿದ ಹಾಗೆ. ಹಾಲು ಉಕ್ಕುವ ಸಪ್ಪಳ, ಬೀಸುವ ಕಲ್ಲಿನ ಸಪ್ಪಳ, ಎಲ್ಲ ಇದೆ ಅದರೊಳಗೆ. ಪೆಟ್ರೋಲೂ ಗಾಳಿಯೂ ಕೂಡುವ ಕಾರ್ಬೊರೇಟರಿನ ಬುಡಕ್ಕೆ ಬಂದಾಗ ಉಸ್ಸ್ ಎಂದಿತು, ಹಾವಿನ ಹಾಗೆ. ನಾನು ಮುಷ್ಟಿ ಹಿಡಿದೆ.

ದೀಪದ ಎಣ್ಣೆ ಕೇಳಿದರು. ಚಮಚೆಯಿಂದ ಆ ಸಂದಿಗೆ ಎಣ್ಣೆ ಬಿಟ್ಟರು. ಉಸ್ ನಿಂತಿತು, ಒಂದು ಗಳಿಗೆ ಎಂಜಿನ್ ಸಮ ನಡೆಯಿತು, ಅಂಗೈ ಚಪ್ಪಟೆ ಹಿಡಿದೆ. ಎಣ್ಣೆ ಒಳಗೆ ಹೋದ ಮೇಲೆ ಮತ್ತೆ ಬೆರಳು ನಡುಗಿಸಿದೆ. ಇವರು ನನ್ನ ಕೈ ನೋಡಿ, "ಸಿಕ್ಕಾ ಕಳ್ಳ" ಎಂದರು.

ಬಿಲ್ಕೀಸ ಗೋಡೆಯ ಮೇಲಿಂದ ನೋಡುತ್ತಿದ್ದಳು. "ಏನ ಅಕ್ಕಾರ, ಸವತಿ ಕೂಡ ದೋಸ್ತಿ ಆತು?" ಎಂದಳು. ಅವಳಿಗೂ ಮುಷ್ಟಿ ತೋರಿಸಿದೆ.

ಪೂಜೆ ಇವತ್ತು ಸಂಜೆಗೆ ಹೋಯಿತು.

೧೯ ನವೆಂಬರ್, ಶುಕ್ರವಾರ

ಕಾರ್ಬೊರೇಟರಿನ ಬುಡದಲ್ಲಿ ಒಂದು ರಟ್ಟಿನ ಬಿಲ್ಲೆ ಇರುತ್ತದಂತೆ, ಅದು ಸುಟ್ಟು ಸೀಳಿದೆ. ಹೊಸದು ಕತ್ತರಿಸಲು ಇವರು ಗೋಡೆಯ ಕ್ಯಾಲೆಂಡರಿಗೆ ಕೈ ಹಾಕಿದರು. ಅದರಲ್ಲಿ ಶಿವ ಪಾರ್ವತಿ ಇದ್ದಾರೆ. ನಾನು ಅಡ್ಡ ನಿಂತೆ. ಬಿಲ್ಕೀಸ ಸೀರೆ ಸುತ್ತುವ ದಪ್ಪ ರಟ್ಟು ಕೊಟ್ಟಳು. ಲೋಹದ ಮೇಲೆ ಅದನ್ನಿಟ್ಟು ಸಣ್ಣ ಸುತ್ತಿಗೆಯಿಂದ ಅಂಚಿಗೆ ಟಕಟಕ ಬಡಿದರೆ ತಾನೇ ಆಕಾರಕ್ಕೆ ಕತ್ತರಿಸಿ ಬರುತ್ತದೆ. ನೋಡುತ್ತ ಕೂತುಬಿಟ್ಟೆ, ಒಲೆಯ ಮೇಲೆ ಬೇಳೆ ಸೀದಿತು.

ಕೂಡಿಸಿ ಚಾಲು ಮಾಡಿದರು. ಉಸ್ ಇಲ್ಲ. ಒನಕೆ ಪಾಳಿ ತಪ್ಪುತ್ತಿಲ್ಲ, ಸ್ವಲ್ಪ ಏರುಪೇರು ಅಷ್ಟೆ. ನಾಳೆ ಸ್ಕ್ರೂ ಕೂಡಿಸೋಣ ಎಂದರು. ತಾಯಿ ಕಣ್ಣು ತೆರೆದಳು. ಸಂತೋಷಕ್ಕೆ ಭಂಡಾರ ಒಂದು ಹಿಡಿಯೇ ಹಾಕಿದೆ.

೨೦ ನವೆಂಬರ್, ಶನಿವಾರ

ಈಗ ಎಂಜಿನ್ ಹೊತ್ತಿಕೊಂಡು ಉಳಿಯುವುದೇ ಇಲ್ಲ. ಚಾಲು ಮಾಡಿ ಎಕ್ಸಿಲೇಟರಿನ ಮೇಲಿಂದ ಕಾಲು ತೆಗೆದರೆ ಆರುತ್ತದೆ. ಮೊದಲಿಗಿಂತ ಕಡೆ.

೨೩ ನವೆಂಬರ್, ಮಂಗಳವಾರ

ಮಧ್ಯಾಹ್ನದ ಮೇಲೆ ಅಳಿಯ ಗುರುಸಿದ್ದ ಖಾನಾಪುರದಿಂದ ಬಂದಿದ್ದ. ಒಳ್ಳೆಯ ಹುಡುಗ, ಅವ್ವನ ಮಾತು ದಾಟುವುದಿಲ್ಲ. ಅಂಗಳದಲ್ಲಿ ಕಾರು ಚಾಲು ಮಾಡಿ ತೋರಿಸಿದರು. ಆರಿತು. ಮತ್ತೆ ಮಾಡಿದರು. ಆರಿತು.

"ಮಾವಾರ, ಹಿಂಗಾದ್ರ ಹೆಂಗ್ರಿ. ಅವ್ವ ಆಗಲೇ ಸೂಲಗಿತ್ತಿಗೆ ಹೇಳ್ಯಾಳ."

ಇವರು ಬೇರೆ ಕಡೆ ನೋಡುತ್ತಿದ್ದರು, ಕೇಳಲಿಲ್ಲ. ಗುರುಸಿದ್ದ ನನ್ನ ಮುಖ ನೋಡಿದ. ನಾನು, "ಕೆಲಸದಾಗ ಇದ್ದಾಗ ಮಾತಾಡಸಿದ್ರ ಆಗಂಗಿಲ್ಲ ಅವ್ರಿಗೆ" ಎಂದೆ. "ಗೌರಿ ಉಣತಾಳೇನು?"

"ಉಣತಾಳ. ಆ ಖೋಲ್ಯಾಗ ಮಾತ್ರ ಮಲಗಂಗಿಲ್ಲ. ಪಡಸಾಲ್ಯಾಗ ಕುಂತ ನಿದ್ದಿ ಮಾಡತಾಳ."

ಅವನು ಹೋದ ಮೇಲೆ ದೇವರ ಮುಂದೆ ಕೂತೆ. ಏನೂ ಬೇಡಲಿಲ್ಲ. ಬೇಡಿ ಬೇಡಿ ಸಾಕಾಗಿತ್ತು. ತಾಯೀ, ಏನು ತಪ್ಪಿದ್ದೇನೆ ತೋರಿಸು ಎಂದೆ, ಅಷ್ಟೆ.

೨೪ ನವೆಂಬರ್, ಬುಧವಾರ

ತೋರಿಸಿದಳು.

ಬೆಳಿಗ್ಗೆ ಇವರು ಕಾರ್ಬೊರೇಟರನ್ನೇ ಬಿಚ್ಚಿ ಹಳೆಯ ಸೀರೆಯ ತುಂಡಿನ ಮೇಲೆ ಹರವಿದರು. ಅದರಲ್ಲಿ ಸಾಸಿವೆಯೂ ಹೋಗಲಾರದಷ್ಟು ಸಣ್ಣ ತೂತಿನ ಹಿತ್ತಾಳೆ ಮೊಳೆಯೊಂದು ಇರುತ್ತದೆ, ಜೆಟ್ ಎನ್ನುತ್ತಾರೆ. ಕಾರು ನಿಂತಾಗ ಎಂಜಿನ್ ಬದುಕುವುದು ಆ ತೂತಿನಿಂದ ಬರುವ ಹನಿಯ ಮೇಲೆಯೇ. ಓಡುವಾಗ ಬೇರೆ ದೊಡ್ಡ ದಾರಿ ಇದೆ. ಇವರು ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರು. ತೂತು ಕಟ್ಟಿತ್ತು. ಬಾಯಿಯಿಂದ ಊದಿದರು. ಅರಿವೆಯ ಮೇಲೆ ಏನೋ ಬಿತ್ತು.

ಹಳದಿ. ಪೆಟ್ರೋಲಿನಲ್ಲಿ ನೆನೆದು ಗಟ್ಟಿಯಾದ ಅರಿಸಿನ. ಸುತ್ತಲಿನ ಗಾಳಿಯ ದಾರಿಗಳಲ್ಲೂ ಹಳದಿ ಗೆರೆ, ದೇವರ ಕಲ್ಲಿನ ಮೇಲೆ ಇದ್ದ ಹಾಗೆ. ಪೆಟ್ರೋಲಿನ ವಾಸನೆಯ ನಡುವೆ ನಮ್ಮ ದೇವರ ಜಗುಲಿಯ ವಾಸನೆ ಬಂತು.

ದಿನಾ ಬೆಳಿಗ್ಗೆ ನಾನೇ. ಬೇನೆ ಹೆಚ್ಚಾದಂತೆಲ್ಲ ಹೆಚ್ಚು ಹೆಚ್ಚು ನಾನೇ. ಹೆಬ್ಬೆರಳಿನ ಉಗುರಲ್ಲಿ ಇವತ್ತಿನದು ಇನ್ನೂ ಇತ್ತು. ಸೆರಗಿನಲ್ಲಿ ಕೈ ಮುಚ್ಚಿಕೊಂಡೆ.

ಇವರು ಆ ಹಳದಿಯನ್ನು ಬೆರಳಿಂದ ತೀಡಿ ನೋಡಿದರು. ನನ್ನ ಕಡೆ ನೋಡಲಿಲ್ಲ. ಅರಿವೆ ಮಡಚಿ ಒರೆಸಿದರು.

"ಧೂಳ. ಖಾನಾಪುರ ರಸ್ತಾದಾಗ ಎಂಥಾ ಧೂಳ ಐತಿ ನೋಡ. ಗಾಳಿ ಡಬ್ಬಿ ತಗದಿಟ್ಟದ್ದ ನನ್ನ ತಪ್ಪ."

ಹಲ್ಲುಜ್ಜುವ ಬ್ರಶಿನ ಒಂದು ಎಳೆ ಕಿತ್ತು ತೂತಿನಲ್ಲಿ ಆಡಿಸಿ, ಪೆಟ್ರೋಲಿನಲ್ಲಿ ತೊಳೆದು, ನನ್ನ ಕೈಗೆ ಕೊಟ್ಟರು. "ನೋಡ, ಬೆಳಕ ಕಾಣತೈತೇನ?" ಕಣ್ಣಿಗೆ ಹಿಡಿದೆ. ಆ ಸಣ್ಣ ತೂತಿನಲ್ಲಿ ಬಿಲ್ಕೀಸಳ ಮನೆಯ ಗೋಡೆ, ಬಿಸಿಲು, ಎಲ್ಲ ಇತ್ತು. ತಲೆ ಆಡಿಸಿದೆ.

ಎಲ್ಲ ಕೂಡಿಸಿದ ಮೇಲೆ ಗಾಳಿ ಡಬ್ಬಿಯನ್ನೂ ಅದರ ಜಾಗಕ್ಕೆ ಇಟ್ಟು ಬಿಗಿದರು. ಚಾಲು ಮಾಡಿದರು. ಸ್ಕ್ರೂ ಹಿಡಿದು ನನ್ನ ಕೈ ನೋಡುತ್ತ ನಿಂತರು. ನಾನು ಕಣ್ಣು ಮುಚ್ಚಿ ಕೇಳಿದೆ. ಬೆರಳು ನಡುಗಿಸಿದೆ, ಇವರು ಕಾಲು ಸುತ್ತು ತಿರುಗಿಸಿದರು. ಇನ್ನಷ್ಟು. ಇನ್ನೊಂದು ಚೂರು. ಬಹಳಾಯಿತು, ಹಿಂದಕ್ಕೆ. ನಾಲ್ಕೂ ಒನಕೆ ಸಮ ಬೀಳತೊಡಗಿದವು. ನಾನು ಅಂಗೈ ಚಪ್ಪಟೆ ಹಿಡಿದು ಹಾಗೇ ಹಿಡಿದುಕೊಂಡೇ ನಿಂತೆ, ಕಾರ್ಖಾನೆಯ ಮಧ್ಯಾಹ್ನದ ಭೋಂಗಾ ಕೂಗುವವರೆಗೆ. ಮಾತು ಬರುವ ಹೊತ್ತಾಯಿತು, ಮಾತು ಆಡಬೇಕೆನಿಸಲಿಲ್ಲ.

೨೫ ನವೆಂಬರ್, ಗುರುವಾರ

ಭಂಡಾರದ ಬಟ್ಟಲು ಹಿಡಿದು ಅಂಗಳಕ್ಕೆ ಹೋದವಳು ನಡುವೆ ನಿಂತೆ. ಇವರು ಬೀಡಿ ಸೇದುತ್ತ ಕೂತಿದ್ದರು.

"ಗಾಲಿಗೆ ಹಚ್ಚ" ಎಂದರು. "ದಾರಿ ನಡಿಯೂದ ಗಾಲಿ."

ನಾಲ್ಕೂ ಗಾಲಿಗೆ ಹಚ್ಚಿದೆ.

ಧೂಳು ಎಂದಿದ್ದರು. ನಾನು ಹರಕೆ ಎಂದಿದ್ದೆ. ಇಷ್ಟೇ ಬರೆಯುತ್ತೇನೆ.

೨೯ ನವೆಂಬರ್, ಸೋಮವಾರ

ಸಂಜೆಯಾಗಿದೆ.

ಬೆಳಿಗ್ಗೆ ತಂಪಿನಲ್ಲೇ ಹೊರಟೆವು. ಬಿಲ್ಕೀಸ ಗೌರವ್ವನಿಗೆಂದು ಸಣ್ಣ ದಿಂಬು ಕೊಟ್ಟಳು. ಹಿಂದಿನಿಂದ ಬಸ್ಸು, ಲಾರಿ ಹಾರ್ನು ಹೊಡೆದಾಗೆಲ್ಲ ನಾನು ಕೈ ಎತ್ತುತ್ತಿದ್ದೆ, ಇವರು ದಾರಿ ಬಿಡುತ್ತಿದ್ದರು.

ಖಾನಾಪುರದಲ್ಲಿ ಕಾಶವ್ವ ಬಾಗಿಲಲ್ಲೇ ಇದ್ದಳು. "ಚಾ ಆಮ್ಯಾಲ" ಎಂದಳು. "ಮದಲ ಗೌರಿನ ಕುಂದರಸ್ರಿ. ಕಾರು ಚಾಲೂ ಇರಲಿ."

ಗೌರವ್ವ ಹೊಟ್ಟೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು. ಕಾಶವ್ವ ಕಿಟಕಿಗೆ ಬಂದು ಅವಳ ಎರಡೂ ಕೈ ಎಳೆದು ಬಾಗಿಲಿನ ತಗಡಿನ ಮೇಲೆ ಇಟ್ಟಳು, ಹಸಿರು ಬಳೆ ತಗಡಿಗೆ ಮುಟ್ಟುವ ಹಾಗೆ. ಆಮೇಲೆ ಕಿವಿಗೊಟ್ಟು ನಿಂತಳು. ಓಣಿಯ ಹೆಂಗಸರೂ ನಿಂತರು. ಇವರು ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತ ಕೂತಿದ್ದರು. ಎಂಜಿನ್ ನಡೆಯುತ್ತಿದೆಯೋ ಆರಿದೆಯೋ ಇವರಿಗೆ ಕಿವಿಯಿಂದ ತಿಳಿಯುವ ಬಗೆ ಇರಲಿಲ್ಲ. ನಾನು ತೊಡೆಯ ಮೇಲೆ ಅಂಗೈ ಚಪ್ಪಟೆ ಇಟ್ಟುಕೊಂಡಿದ್ದೆ. ಇವರು ಒಮ್ಮೆ ಕಣ್ಣ ತುದಿಯಿಂದ ಅದನ್ನು ನೋಡಿದರು.

"ಬಳಿ ಸುಮ್ಮನದಾವ" ಎಂದಳು ಕಾಶವ್ವ. ಮತ್ತೂ ಕೇಳಿದಳು. "ಅದಾವ ಖರೇ." ಸೊಸೆಯ ಕೈ ಮಡಿಲಿಗೆ ಇಟ್ಟು, ಗಲ್ಲ ಹಿಡಿದು, "ಹೋಗಿ ಬಾ ನನ್ನವ್ವ" ಎಂದಾಗ ಅವಳ ಕಣ್ಣೂ ತುಂಬಿತ್ತು. ಆಮೇಲೆ ಇವರಿಗೆ, "ಬೀಗರ, ಏನ ಮಾಡಿದ್ರಿ ಇದಕ್ಕ?" ಎಂದಳು.

ಇವರಿಗೆ ಕೇಳಲಿಲ್ಲ. ನಾನು ಅಂದೆ. ಮಧ್ಯಾಹ್ನ ಆಗಿರಲಿಲ್ಲ, ಆದರೂ ಅಂದೆ, ತಾಯಿ ಕ್ಷಮಿಸಲಿ. "ಧೂಳ ಆಗಿತ್ರಿ. ತಗದ್ರು."

ಬರುವಾಗ ಟಿಳಕವಾಡಿಯ ರೈಲ್ವೆ ಗೇಟು ಹಾಕಿತ್ತು. ಲಾರಿ, ಟಾಂಗಾ, ಬಸ್ಸು, ನಡುವೆ ನಮ್ಮ ಕಾರು, ಎಂಜಿನ್ ಚಾಲು. ಇವರು ನನ್ನ ಕೈ ನೋಡಿದರು. ಚಪ್ಪಟೆ ಇತ್ತು. ರೈಲು ಬಂತು. ಭೂಮಿ ನಡುಗಿತು, ಅದರ ಸಪ್ಪಳದಲ್ಲಿ ನನಗೂ ಎಂಜಿನ್ ಕೇಳದಾಯಿತು. ಆ ಒಂದು ಗಳಿಗೆ ಇಬ್ಬರೂ ಒಂದೇ ಆಗಿದ್ದೆವು. ಅಂಗೈಯನ್ನು ಮುಂದಿನ ತಗಡಿಗೆ ಒತ್ತಿದೆ. ಅಲ್ಲಿ ಎಂಜಿನ್ ಸಣ್ಣಗೆ ಉಸಿರಾಡುತ್ತಿತ್ತು. ಇವರ ಕೈಯೂ ಬಂದು ಪಕ್ಕದಲ್ಲೇ ಕೂತಿತು.

ರೈಲು ಹೋಯಿತು. ಗೇಟು ಎದ್ದಿತು. ಹಿಂದಿನವರು ಹಾರ್ನು ಹೊಡೆದರು. ನಾನು ಬೆರಳಿಂದ ಮುಂದೆ ತೋರಿಸಿದೆ.

ಗೌರವ್ವ ಮಲಗಿದ್ದಾಳೆಂದುಕೊಂಡಿದ್ದೆ, ಎಚ್ಚರಿದ್ದಳು.

"ಅವ್ವಾ, ನೀ ಯಾವಾಗಿಂದ ಮುಂದ ಕುಂದರಾಕತ್ತಿ?"

ನನಗೇ ಆಗ ತಿಳಿಯಿತು. ಬೆಳಿಗ್ಗೆ ಹೊರಟಾಗಿನಿಂದ ನಾನು ಮುಂದೆಯೇ ಕೂತಿದ್ದೆ.

"ಹಿಂದ ನಿನಗ ಜಾಗಾ ಬೇಕಲ್ಲ, ಸುಮ್ಮನ ಮಲಕೊ" ಎಂದೆ.

ಮಗಳು ಹೊಸ್ತಿಲು ತುಳಿದಳು. ಹರಕೆ ಮುಗಿಯಿತು. ನಾಳೆಯಿಂದ ಬೆಳಿಗ್ಗೆಯೂ ಮಾತಾಡಬಹುದು. ಈಗ ಒಳಗಿನ ಖೋಲಿಯಲ್ಲಿ ಗೌರವ್ವ ಕಾಲು ಚಾಚಿ ನಿದ್ದೆ ಮಾಡುತ್ತಿದ್ದಾಳೆ. ಇವರು ಬಾಗಿಲಿಗೆ ಬಂದು ಅವಳ ಕಡೆ ಹುಬ್ಬು ಹಾರಿಸಿ ನನ್ನನ್ನು ನೋಡಿದರು. ನಾನು ಪೆನ್ನು ಕೆಳಗಿಟ್ಟು ಅಂಗೈ ಚಪ್ಪಟೆ ಹಿಡಿದೆ.